ಮಲಾಡ್‌ನಿಂದ ಸಫಾಳೆಗೆ: ರೈಲು ಪಾಸ್ ಕಟ್ಟಿದ ಊರಲ್ಲಿ ಒಂದು ಭಾನುವಾರ

ಈ ಸಲದ ಮಾತು ಮನೆ ಬಗ್ಗೆ. ವಾಸ್ತು, ಇಂಟೀರಿಯರ್, ಹೋಮ್ ಲೋನ್ ಬಡ್ಡಿ ಅದೆಲ್ಲ ಅಲ್ಲ. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ನಡುವೆ ಒಂದು ರೈಲು. ಈ ಮೂರರ ಲೆಕ್ಕ. ವಿಡಿಯೋ ನೋಡೋಕೆ ಆಗಲ್ಲ, ಟ್ರೇನಲ್ಲಿ ನಿಂತ್ಕೊಂಡು ಓದ್ತೀವಿ ಅನ್ನೋರು ನಮ್ಮಲ್ಲಿ ಜಾಸ್ತಿ. ಅದಕ್ಕೇ ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಕ್ಯಾಮೆರಾ ಮುಂದೆ ಮರೆತದ್ದನ್ನ ಸೇರಿಸಿ ಇಲ್ಲಿ ಬರೆದಿದ್ದೀನಿ.

ನಾನು ಶಿವಮೊಗ್ಗದವನು. ಮಲಾಡ್ ವೆಸ್ಟಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗೆ ಇದ್ದೀನಿ. ಮುಂಬೈ ಬಾಡಿಗೆ ಕರಾರು ನಿಮಗೆ ಗೊತ್ತಲ್ಲ, ಹನ್ನೊಂದು ತಿಂಗಳು. ಹತ್ತನೇ ತಿಂಗಳು ಬಂತು ಅಂದ್ರೆ ಮಾಲೀಕರ ಫೋನ್ ಬರುತ್ತೆ. ಈ ಸಲ 38 ಸಾವಿರ ಇದ್ದದ್ದು 42 ಆಯ್ತು. ಒಂದು ಬೆಡ್‌ರೂಮು, ಒಂದು ಹಾಲು, ಕಿಟಕಿ ತೆಗೆದ್ರೆ ಎದುರು ಬಿಲ್ಡಿಂಗಿನವರ ಟಿವಿಯಲ್ಲಿ ಯಾವ ಸೀರಿಯಲ್ ಓಡ್ತಿದೆ ಅಂತ ಕಾಣುತ್ತೆ. ನನ್ನ ಹೆಂಡತಿ ದಾವಣಗೆರೆಯವಳು, ಲೆಕ್ಕದಲ್ಲಿ ಗಟ್ಟಿ. ಒಂಬತ್ತು ವರ್ಷ ಕೊಟ್ಟ ಬಾಡಿಗೆಯನ್ನೆಲ್ಲ ಒಂದು ಎಕ್ಸೆಲ್ ಶೀಟಲ್ಲಿ ಕೂಡಿಸಿ, ಏನೂ ಮಾತಾಡದೆ ಲ್ಯಾಪ್‌ಟಾಪನ್ನ ನನ್ನ ಕಡೆ ತಿರುಗಿಸಿದಳು. ಆ ಮೊತ್ತ ಇಲ್ಲಿ ಬರೆಯಲ್ಲ.

ನಮ್ಮ ಟೀಮಲ್ಲಿ ಕುಂದಾಪುರ ಕಡೆಯವರು ಒಬ್ಬರಿದ್ದಾರೆ. 2019ರಲ್ಲಿ ಸಫಾಳೆಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡ್ರು. ಸಫಾಳೆ ಅಂದ್ರೆ ವಿರಾರ್ ದಾಟಿ ಎರಡನೇ ಸ್ಟೇಷನ್. ವಿರಾರ್, ವೈತರಣಾ, ಸಫಾಳೆ, ಕೇಳ್ವೆ ರೋಡ್, ಪಾಲ್ಘರ್, ಹೀಗೆ ಲೈನ್ ಡಹಾಣು ರೋಡ್ ತನಕ ಹೋಗುತ್ತೆ. ನಾನು ಬಾಡಿಗೆ ಬಗ್ಗೆ ಗೊಣಗಿದಾಗಲೆಲ್ಲ ಅವರು ಹೇಳೋದು ಒಂದೇ ಮಾತು: "ಒಂದ್ಸಲ ಬಂದು ನೋಡಿ ಮಾರಾಯ್ರೆ." ಜುಲೈ ತಿಂಗಳ ಒಂದು ಭಾನುವಾರ ನಾವಿಬ್ಬರೂ, ನಮ್ಮ ಆರು ವರ್ಷದ ಮಗನೂ ಹೊರಟ್ವಿ.

ಹೋದ ಕಥೆಗೆ ಮುಂಚೆ ಒಂದು ಪದದ ಕಥೆ ಹೇಳಬೇಕು. ದಿನಾ ಕೆಲಸಕ್ಕೆ ದೂರ ಓಡಾಡೋರನ್ನ ಇಂಗ್ಲಿಷಲ್ಲಿ ಕಮ್ಯೂಟರ್ ಅಂತಾರೆ. ಆ ಪದಕ್ಕೂ ಓಡಾಟಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಕಮ್ಯೂಟ್ ಅಂದ್ರೆ ಕಡಿಮೆ ಮಾಡೋದು, ಬದಲಾಯಿಸೋದು. ಕೋರ್ಟಲ್ಲಿ ಗಲ್ಲು ಶಿಕ್ಷೆಯನ್ನ ಜೀವಾವಧಿಗೆ ಇಳಿಸ್ತಾರಲ್ಲ, ಅದಕ್ಕೂ ಇದೇ ಪದ. 1840ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ದಿನಾ ಬರೋ ಗಿರಾಕಿಗಳಿಗೆ ದರ ಇಳಿಸಿ ಒಟ್ಟಿಗೆ ಟಿಕೆಟ್ ಮಾರೋಕೆ ಶುರು ಮಾಡಿದ್ರು. ಅದು ಕಮ್ಯುಟೇಷನ್ ಟಿಕೆಟ್. ಅದನ್ನ ಇಟ್ಕೊಂಡವನು ಕಮ್ಯೂಟರ್. ಅಂದ್ರೆ ನಾವು ಮುಂಬೈಯಲ್ಲಿ ಹೇಳೋ "ಪಾಸ್‌ವಾಲಾ"!

ಇದು ಬರೀ ಪದದ ಆಟ ಅಲ್ಲ. ದೂರದ ಊರು ಹುಟ್ಟೋದೇ ಪಾಸಿನಿಂದ. ನಮ್ಮ ಲೋಕಲ್‌ನ ತಿಂಗಳ ಪಾಸ್ ಲೆಕ್ಕ ನೋಡಿ: ಸಬರ್ಬನ್ ಸೆಕೆಂಡ್ ಕ್ಲಾಸ್ ಪಾಸಿಗೆ ಸುಮಾರು ಹದಿನೈದು ಒಂಟಿ ಪ್ರಯಾಣದ ದರ ಹಾಕ್ತಾರೆ. 2014ರ ಜೂನಲ್ಲಿ ಇದನ್ನ ಮೂವತ್ತು ಪ್ರಯಾಣದ ಲೆಕ್ಕಕ್ಕೆ ಏರಿಸ್ತೀವಿ ಅಂದಾಗ ಮುಂಬೈಯಲ್ಲಿ ಗಲಾಟೆ ಎದ್ದು, ಕೆಲವೇ ದಿನದಲ್ಲಿ ಹಿಂದೆ ತಗೊಂಡ್ರು. ತಿಂಗಳಿಗೆ 22 ದಿನ ಹೋಗಿ ಬಂದ್ರೆ 44 ಪ್ರಯಾಣ. ಹದಿನೈದಕ್ಕೆ ದುಡ್ಡು ಕೊಟ್ಟು 44 ಓಡಾಡ್ತೀವಿ. ಅದಕ್ಕೇ ನಲಾಸೋಪಾರಾದಲ್ಲಿ, ಬದ್ಲಾಪುರದಲ್ಲಿ, ಸಫಾಳೆಯಲ್ಲಿ ಊರು ಬೆಳೆಯುತ್ತೆ. ದೂರ ಹೋದಷ್ಟೂ ಮನೆ ಬೆಲೆ ಧಡ್ ಅಂತ ಇಳಿಯುತ್ತೆ, ಪಾಸಿನ ಬೆಲೆ ಮಾತ್ರ ಆ ಪ್ರಮಾಣದಲ್ಲಿ ಏರಲ್ಲ.

ಇಂಗ್ಲೆಂಡಲ್ಲಿ ಇದು ಉಲ್ಟಾ. 2018ರಲ್ಲಿ ನಾನು ಆನ್‌ಸೈಟ್ ಹೋಗಿದ್ದಾಗ ಒಂದು ಭಾನುವಾರ ಗ್ರೇಟ್ ಮಿಸೆಂಡನ್ ಅನ್ನೋ ಊರಿಗೆ ಹೋಗಿದ್ದೆ. ನಮ್ಮ ಪ್ರಾಜೆಕ್ಟಲ್ಲಿ ತುಮಕೂರಿನವರೊಬ್ಬರು ಅಲ್ಲಿಂದ ಸ್ವಲ್ಪ ದೂರದಲ್ಲಿ ಮನೆ ಮಾಡಿದ್ರು, ಊಟಕ್ಕೆ ಕರೆದಿದ್ರು. ಲಂಡನ್ನಿನ ಮೇರಿಲ್‌ಬೋನ್ ಸ್ಟೇಷನ್ನಲ್ಲಿ ಹತ್ತಿದ್ರೆ ಮುಕ್ಕಾಲು ಗಂಟೆ ಆಸುಪಾಸು. ಇಳಿದ್ರೆ ಚಿಲ್ಟರ್ನ್ ಬೆಟ್ಟಗಳ ನಡುವೆ ಒಂದೇ ಒಂದು ಮುಖ್ಯ ಬೀದಿ, ಹಂಚಿನ ಮನೆಗಳು, ಮೇಲೆ ಗುಡ್ಡದಲ್ಲಿ ಚರ್ಚು. ಮಕ್ಕಳ ಕಥೆಗಳ ರೋಲ್ಡ್ ಡಾಲ್ ಸಾಯೋ ತನಕ ಇದ್ದ ಊರು ಅದು. ಅವರ ಸಮಾಧಿ ಆ ಚರ್ಚಿನ ಹತ್ತಿರವೇ ಇದೆ, ಬೀದಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಅದೇ ಬೀದಿಯಲ್ಲಿ ಕೆಂಪು ಬಣ್ಣದ ಹಳೇ ಪೆಟ್ರೋಲ್ ಪಂಪುಗಳು ನಿಂತಿವೆ, ಅವರ ಒಂದು ಪುಸ್ತಕದ ಗ್ಯಾರೇಜಿಗೆ ಅವೇ ಮಾದರಿ ಅಂತಾರೆ. ನನಗೆ ಅನ್ನಿಸಿದ್ದು, ಇದೇನು ಹಳ್ಳಿ, ಇಲ್ಲಿ ಯಾರು ಏನು ಕೆಲಸ ಮಾಡ್ತಾರೆ? ತುಮಕೂರಿನವರು ನಕ್ಕು, ಸ್ಟೇಷನ್ ಪಕ್ಕದ ಕಾರ್ ಪಾರ್ಕಿಂಗ್ ತೋರಿಸಿದ್ರು. "ಸೋಮವಾರ ಬೆಳಿಗ್ಗೆ ಬನ್ನಿ, ಇದು ಭರ್ತಿ ಆಗಿರುತ್ತೆ" ಅಂದ್ರು. ಊರಿನ ಕೆಲಸ ಲಂಡನ್ನಿನಲ್ಲಿ, ನಿದ್ದೆ ಮಾತ್ರ ಇಲ್ಲಿ.

ಆ ಊರಿಗೆ ರೈಲು ಬಂದದ್ದು 1892ರಲ್ಲಿ, ಮೆಟ್ರೋಪಾಲಿಟನ್ ರೈಲ್ವೆ. ಜಗತ್ತಿನ ಮೊದಲ ಭೂಗತ ರೈಲು ಓಡಿಸಿದ ಕಂಪನಿ ಅದೇ. ಆ ಕಂಪನಿಯ ಜಾಣತನ ಏನಂದ್ರೆ ಅದು ಬರೀ ಟಿಕೆಟ್ ಮಾರಲಿಲ್ಲ. ಹಳಿಯ ಅಕ್ಕಪಕ್ಕದ ಜಮೀನಲ್ಲಿ ಮನೆ ಕಟ್ಟಿಸಿ ಮಾರೋಕೆ ಹೊರಟಿತು. 1915ರಲ್ಲಿ ಆ ಪ್ರದೇಶಕ್ಕೆ "ಮೆಟ್ರೋಲ್ಯಾಂಡ್" ಅಂತ ಹೆಸರಿಟ್ಟು, ಹೂದೋಟದ ಚಿತ್ರ ಹಾಕಿ ಪುಸ್ತಿಕೆ ಹಂಚಿತು. ನಗರದಲ್ಲಿ ದುಡೀರಿ, ಹಳ್ಳಿಯಲ್ಲಿ ಬದುಕಿರಿ. ನಮ್ಮ ಬಿಲ್ಡರುಗಳು ಪಾಲ್ಘರ್ ಹೈವೇಯಲ್ಲಿ ಹಾಕಿರೋ ಹೋರ್ಡಿಂಗ್ ನೋಡಿದ್ರೆ ಇವತ್ತಿಗೂ ಅದೇ ಭಾಷೆ, ಈಜುಕೊಳ ಒಂದು ಹೊಸದು ಅಷ್ಟೇ.

ಹಾಗಿದ್ರೆ ಗ್ರೇಟ್ ಮಿಸೆಂಡನ್ ಯಾಕೆ ಇನ್ನೂ ಒಂದೇ ಬೀದಿಯ ಊರಾಗಿ ಉಳೀತು, ಯಾಕೆ ವಿರಾರ್ ಥರ ಆಗಲಿಲ್ಲ? ಕಾನೂನು. ಲಂಡನ್ ಸುತ್ತ ಹಸಿರು ಪಟ್ಟಿ ಬಿಡಬೇಕು ಅಂತ 1938ರಲ್ಲಿ ಒಂದು ಕಾಯ್ದೆ ಬಂತು, 1947ರ ಯೋಜನಾ ಕಾಯ್ದೆ ಬಂದ ಮೇಲೆ ಯಾವ ಜಮೀನಲ್ಲೂ ಅನುಮತಿ ಇಲ್ಲದೆ ಕಟ್ಟೋ ಹಾಗಿಲ್ಲ ಅಂತಾಯ್ತು. 1965ರಲ್ಲಿ ಚಿಲ್ಟರ್ನ್ ಬೆಟ್ಟಗಳನ್ನ ವಿಶೇಷ ನಿಸರ್ಗ ಸೌಂದರ್ಯದ ಪ್ರದೇಶ ಅಂತ ಘೋಷಿಸಿದ್ರು. ಪರಿಣಾಮ: ಹಸಿರು ಉಳೀತು, ಮನೆ ಬೆಲೆ ಆಕಾಶಕ್ಕೆ ಹೋಯ್ತು. ಅಲ್ಲಿ ದೂರ ಇರೋದು ದುಡ್ಡಿರೋರ ಹವ್ಯಾಸ. ತುಮಕೂರಿನವರೇ ಆ ಊರಲ್ಲಿ ಮನೆ ಮಾಡೋಕೆ ಆಗದೆ ಪಕ್ಕದಲ್ಲಿದ್ರು. ನಮ್ಮಲ್ಲಿ ದೂರ ಹೋಗೋದು ದುಡ್ಡು ಸಾಲದೆ.

ಈಗ ನಮ್ಮ ಲೈನಿಗೆ ಬರೋಣ.

ಮಲಾಡ್‌ನಿಂದ ಸಫಾಳೆಗೆ ನೇರ ಹೋಗೋದು ಸುಲಭ ಅಲ್ಲ. ವಿರಾರ್ ಫಾಸ್ಟ್ ಮಲಾಡಲ್ಲಿ ನಿಲ್ಲಲ್ಲ. ಸ್ಲೋ ಹಿಡಿದು ಬೋರಿವಲಿಗೆ ಹೋಗಿ, ಅಲ್ಲಿ ಡಹಾಣು ಲೋಕಲ್ ಕಾಯಬೇಕು, ಇಲ್ಲಾಂದ್ರೆ ವಿರಾರಲ್ಲಿ ಇನ್ನೊಂದು ಸಲ ಬದಲಾಯಿಸಬೇಕು. ಭಾನುವಾರ ಆದ್ದರಿಂದ ಕೂರೋಕೆ ಸೀಟ್ ಸಿಕ್ತು. ವಾರದ ದಿನ ಬೋರಿವಲಿಯಲ್ಲಿ ವಿರಾರ್ ಗಾಡಿ ಹತ್ತಿದವರಿಗೆ ಗೊತ್ತು, ಒಳಗಿನವರು "ಬೋರಿವಲಿ ಲೋಕಲ್ ಹಿಡಿ" ಅಂತ ಬಾಗಿಲಲ್ಲೇ ತಡೀತಾರೆ. ಅದು ಬರೀ ಒರಟುತನ ಅಲ್ಲ ಅಂತ ಇವತ್ತು ಅನ್ನಿಸುತ್ತೆ. ಒಂದೂವರೆ ಗಂಟೆ ನಿಲ್ಲೋನಿಗೆ ಹತ್ತು ನಿಮಿಷದವನ ಮೇಲೆ ಸಿಟ್ಟು ಬರೋದು ಸಹಜ.

ವಿರಾರ್ ದಾಟಿದ ಮೇಲೆ ಕಿಟಕಿ ಬದಲಾಗುತ್ತೆ. ಬಿಲ್ಡಿಂಗುಗಳು ಮುಗಿದು ಎರಡೂ ಕಡೆ ಮ್ಯಾಂಗ್ರೋವ್ ಕಾಡು, ನೀರು ತುಂಬಿದ ಗದ್ದೆ. ಆಮೇಲೆ ವೈತರಣಾ ನದಿಯ ಖಾಡಿ, ಎರಡು ಸೇತುವೆ, ನಡುವೆ ಒಂದು ನಡುಗಡ್ಡೆ. ಆ ನಡುಗಡ್ಡೆಯ ವಾಢೀವ್ ಹಳ್ಳಿಯವರು ವರ್ಷಗಟ್ಟಲೆ ರೈಲು ಸೇತುವೆ ಮೇಲೇ ನಡೆದು ಸ್ಟೇಷನ್ನಿಗೆ ಬರೋರು. ಗಾಡಿ ಬಂದ್ರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ನಮ್ಮ ಮಗ ಕಿಟಕಿಗೆ ಮೂಗು ಒತ್ತಿಕೊಂಡು "ಅಪ್ಪಾ, ಇದು ಶಿವಮೊಗ್ಗನಾ?" ಅಂದ. ಅವನ ಪ್ರಕಾರ ಹಸಿರು ಕಂಡ್ರೆ ಶಿವಮೊಗ್ಗ.

ಇಲ್ಲಿ ಸ್ವಲ್ಪ ಕರೆಂಟಿನ ವಿಷಯ ಹೇಳ್ತೀನಿ, ಯಾಕಂದ್ರೆ ಸಫಾಳೆಯ ಭವಿಷ್ಯ ನಿರ್ಧಾರ ಆದದ್ದು ಅದರಿಂದಲೇ. ಬಾಂಬೆ ಬರೋಡಾ ರೈಲ್ವೆಯವರು ವಿರಾರ್‌ನಿಂದ ಬ್ಯಾಕ್‌ಬೇಗೆ ಮೊದಲ ಲೋಕಲ್ ಓಡಿಸಿದ್ದು 1867ರ ಏಪ್ರಿಲ್ 12ಕ್ಕೆ. ದಿನಕ್ಕೆ ಒಂದೇ ಗಾಡಿ, ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಅಂದ್ರೆ ಗ್ರೇಟ್ ಮಿಸೆಂಡನ್‌ಗಿಂತ 25 ವರ್ಷ ಮೊದಲೇ ವಿರಾರ್ ಕಮ್ಯೂಟರ್ ಊರು! 1928ರ ಜನವರಿಯಲ್ಲಿ ಕೊಲಾಬಾದಿಂದ ಬೋರಿವಲಿಗೆ ಎಲೆಕ್ಟ್ರಿಕ್ ಗಾಡಿ ಬಂತು, 1936ರಲ್ಲಿ ವಿರಾರ್ ತನಕ. ಅದು 1500 ವೋಲ್ಟಿನ ಡಿಸಿ ಕರೆಂಟು. ಆಮೇಲೆ 70ರ ದಶಕದಲ್ಲಿ ವಿರಾರ್‌ನಿಂದ ಗುಜರಾತ್ ಕಡೆ ತಂತಿ ಎಳೆದಾಗ ಹಾಕಿದ್ದು 25 ಸಾವಿರ ವೋಲ್ಟಿನ ಎಸಿ. ಹೀಗಾಗಿ ವಿರಾರ್ ಒಂದು ಗೋಡೆ ಆಯ್ತು. ಈ ಕಡೆಯ ಲೋಕಲ್ ಆ ಕಡೆ ಓಡಲ್ಲ. ಐಟಿ ಭಾಷೆಯಲ್ಲಿ ಹೇಳೋದಾದ್ರೆ ಎರಡು ಸಿಸ್ಟಮ್, ನಡುವೆ ಇಂಟಿಗ್ರೇಷನ್ ಇಲ್ಲ. ಗೋಡೆಯ ಈಚೆ ನಲಾಸೋಪಾರಾ, ವಸಯಿ ಉಬ್ಬಿ ಉಬ್ಬಿ 2009ರಲ್ಲಿ ಮಹಾನಗರಪಾಲಿಕೆ ಆದವು. ಗೋಡೆಯ ಆಚೆ ಸಫಾಳೆ, ಕೇಳ್ವೆ ಹಳ್ಳಿಗಳಾಗೇ ಉಳಿದವು. ಅಲ್ಲಿಯವರಿಗೆ ಶಟ್ಲು, ಪ್ಯಾಸೆಂಜರ್ ಗಾಡಿಗಳೇ ಗತಿ.

ಆಮೇಲೆ ಎಸಿ, ಡಿಸಿ ಎರಡರಲ್ಲೂ ಓಡೋ ಗಾಡಿಗಳು ಬಂದವು, 2012ರ ಫೆಬ್ರವರಿ ಹೊತ್ತಿಗೆ ಚರ್ಚ್‌ಗೇಟ್ ತನಕ ಎಲ್ಲ ತಂತಿಯೂ ಎಸಿ ಆಯ್ತು. ಗೋಡೆ ಬಿತ್ತು. 2013ರ ಏಪ್ರಿಲ್ 16ಕ್ಕೆ ಲೋಕಲ್ ಡಹಾಣು ರೋಡ್ ಮುಟ್ಟಿತು. ಚರ್ಚ್‌ಗೇಟಿನಿಂದ 124 ಕಿ.ಮೀ. ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ಇರೋದಕ್ಕಿಂತ ದೂರ. ಮರುವರ್ಷ ಆಗಸ್ಟಲ್ಲಿ ಠಾಣೆಯಿಂದ ಒಡೆದು ಪಾಲ್ಘರ್ ಜಿಲ್ಲೆ ಆಯ್ತು. ಬಿಲ್ಡರುಗಳು ಅದಕ್ಕೂ ಮೊದಲೇ ಬಂದಿದ್ರು ಅಂತ ಬೇರೆ ಹೇಳಬೇಕಾಗಿಲ್ಲ.

ಆದ್ರೂ ವಿರಾರ್ ಆಚೆ ಗಾಡಿ ಕಡಿಮೆ. ಕಾರಣ ಹಳಿ. ವಿರಾರ್ ತನಕ ನಾಲ್ಕು ಹಳಿ, ಆಮೇಲೆ ಎರಡೇ. ಅದೇ ಎರಡರಲ್ಲಿ ರಾಜಧಾನಿ, ಗುಜರಾತಿನ ಎಕ್ಸ್‌ಪ್ರೆಸ್‌ಗಳು, ಗೂಡ್ಸ್, ಜೊತೆಗೆ ನಮ್ಮ ಲೋಕಲ್. ದೊಡ್ಡವರು ಬಂದಾಗ ಚಿಕ್ಕವರು ಪಕ್ಕಕ್ಕೆ ನಿಲ್ಲಬೇಕು. ಇನ್ನೆರಡು ಹಳಿ ಹಾಕೋ ಯೋಜನೆಗೆ 2016ರಲ್ಲಿ ಒಪ್ಪಿಗೆ ಸಿಕ್ಕಿ ಕೆಲಸ ನಡೀತಿದೆ. ಸಫಾಳೆಯವರ ಎಲ್ಲ ಮಾತೂ "ಆ ಹಳಿ ಆದ ಮೇಲೆ" ಅಂತಲೇ ಶುರುವಾಗುತ್ತೆ.

ಸ್ಟೇಷನ್ನಲ್ಲಿ ನಮ್ಮವರು ಕೊಡೆ ಹಿಡ್ಕೊಂಡು ನಿಂತಿದ್ರು. ಆಫೀಸಲ್ಲಿ ಯಾವಾಗಲೂ ಇಸ್ತ್ರಿ ಅಂಗಿ, ಇಲ್ಲಿ ಪಂಚೆ. ನಾನು ಮೊದಲ ಸಲ ನೋಡಿದ್ದು. ಸ್ಟೇಷನ್ ಹೊರಗೆ ಶೇರ್ ರಿಕ್ಷಾ, ಎಸ್‌ಟಿ ಬಸ್ಸು, ತರಕಾರಿ ಹರಡಿಕೊಂಡ ಹೆಂಗಸರು. ಹಾಗಲ, ಸೋರೆ, ಕಾಡಿನ ಸೊಪ್ಪುಗಳು, ವೀಳ್ಯದೆಲೆ. ಪಕ್ಕದ ಕೇಳ್ವೆ–ಮಾಹಿಮ್ ಕಡೆಯ ವೀಳ್ಯದೆಲೆ ತೋಟ ಹಳೇ ಕಾಲದಿಂದ ಹೆಸರುವಾಸಿ. ಗಮನಿಸಿ, ಈ ಮಾಹಿಮ್ ದಾದರ್ ಪಕ್ಕದ ಮಾಹಿಮ್ ಅಲ್ಲ, ಪಾಲ್ಘರಿನದು. ಇಲ್ಲಿಂದ ಮೊದಲು ಮುಂಬೈಗೆ ರೈಲಲ್ಲಿ ಹೋಗ್ತಿದ್ದದ್ದು ಲ್ಯಾಪ್‌ಟಾಪ್ ಬ್ಯಾಗ್ ಅಲ್ಲ, ತರಕಾರಿ ಬುಟ್ಟಿ, ಮೀನಿನ ಬುಟ್ಟಿ. ಈಗಲೂ ಬೆಳಗಿನ ಗಾಡಿಯ ಲಗೇಜ್ ಡಬ್ಬಿಯಲ್ಲಿ ಅವು ಹೋಗ್ತಾವೆ.

ಊರಿಗೆ ಮುನ್ಸಿಪಾಲಿಟಿ ಇಲ್ಲ, ಪಂಚಾಯ್ತಿ. ನಾಲ್ಕು ಮಹಡಿಯ ಕಟ್ಟಡಗಳು, ಅವುಗಳ ಬೆನ್ನಿಗೇ ಭತ್ತದ ಗದ್ದೆ, ನಾಟಿ ಮಾಡ್ತಿದ್ರು. ದೂರದಲ್ಲಿ ತಾಂದುಳವಾಡಿ ಕೋಟೆಯ ಗುಡ್ಡ, ಮೋಡದೊಳಗೆ ಅರ್ಧ. ಮಳೆಗಾಲದಲ್ಲಿ ಮುಂಬೈ ಹುಡುಗರು ಅಲ್ಲಿಗೆ ಚಾರಣಕ್ಕೆ ಬರ್ತಾರೆ, ಸಂಜೆ ಅದೇ ಗಾಡಿಯಲ್ಲಿ ಕೆಸರುಕಾಲಲ್ಲಿ ವಾಪಸ್.

ಮನೆ ನೆಲಮಹಡಿ. ಅವರ ಅಮ್ಮ ಬಾಗಿಲಲ್ಲೇ "ಬನ್ನಿ, ಕೂಕಣಿ" ಅಂದ್ರು. ಹಿಂದೆ ಎಂಟು ಅಡಿ ಜಾಗ ಇದೆ, ಅಲ್ಲಿ ಬಸಳೆ ಚಪ್ಪರ. ಆ ಚಪ್ಪರ ನೋಡಿದಾಗ ನನ್ನ ಹೆಂಡತಿ ಮುಖದಲ್ಲಿ ಏನೋ ಆಯ್ತು, ನಾನು ಆ ಕಡೆ ನೋಡಲಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಬಂಗುಡೆ ಹುರಿದದ್ದು, ನಮ್ಮನೆಯವಳಿಗೆ ಮೀನು ಆಗಲ್ಲ ಅಂತ ಬೇರೆ ಹಪ್ಪಳ. ನಮ್ಮ ಮಗ ಅವರ ಮಗಳ ಜೊತೆ ಮಳೆ ನೀರಲ್ಲಿ ಕುಣಿದು, ಒಂದು ಕಪ್ಪೆ ಹಿಡಿದು, ಬಿಟ್ಟು, ಸಂಜೆ ತನಕ ಒಳಗೆ ಬರಲಿಲ್ಲ. ಮಲಾಡಲ್ಲಿ ಅವನನ್ನ ಆಡೋಕೆ ಬಿಡೋದು ಪಾರ್ಕಿಂಗ್ ಜಾಗದಲ್ಲಿ, ಅದೂ ವಾಚ್‌ಮನ್ ಬೈಯೋ ತನಕ.

ಊಟ ಆದ ಮೇಲೆ ಲೆಕ್ಕಕ್ಕೆ ಕೂತ್ವಿ. ಅವರು ಕೊಟ್ಟದ್ದು ಆಗ 28 ಲಕ್ಷ. ಇಎಂಐ ಸುಮಾರು 21 ಸಾವಿರ. ಮನೆಯಿಂದ ಆಫೀಸ್ ಕುರ್ಚಿ ತನಕ 2 ಗಂಟೆ 10 ನಿಮಿಷ. ಇದರಲ್ಲಿ ಮಲಾಡ್ ಸ್ಟೇಷನ್ನಿನಿಂದ ಲಿಂಕ್ ರೋಡಿಗೆ ಹೋಗೋ ಶೇರ್ ರಿಕ್ಷಾ ಕ್ಯೂನೂ ಸೇರಿದೆ. ಹೋಗಿ ಬರೋಕೆ ದಿನಕ್ಕೆ 4 ಗಂಟೆ 20 ನಿಮಿಷ. ವಾರಕ್ಕೆ ಮೂರು ದಿನ ಆಫೀಸು, ತಿಂಗಳಿಗೆ 13 ದಿನ ಅಂದ್ರೆ 56 ಗಂಟೆ. ನನ್ನ ಬಾಡಿಗೆ 42 ಸಾವಿರ, ಅವರ ಕಂತು 21. ಉಳಿದ 21 ಸಾವಿರವನ್ನ 56 ಗಂಟೆಗೆ ಹಂಚಿದ್ರೆ ರೈಲಲ್ಲಿ ಕಳೆದ ಪ್ರತಿ ಗಂಟೆಗೂ 375 ರೂಪಾಯಿ ಸಿಕ್ಕ ಹಾಗೆ. ಮೇಲೆ ಮನೆ ಸ್ವಂತದ್ದು. ಕೆಟ್ಟ ವ್ಯಾಪಾರ ಅಲ್ಲ.

ಆದ್ರೆ ಅದು 2019ರ ಬೆಲೆ. ಅದೇ ಬಿಲ್ಡಿಂಗಲ್ಲಿ ಅಷ್ಟೇ ದೊಡ್ಡ ಫ್ಲಾಟಿಗೆ ಈಗ 40 ಲಕ್ಷ ಕೇಳ್ತಾರಂತೆ. ನನಗೆ ಕಂತು 31 ಸಾವಿರದ ಹತ್ತಿರ ಬರುತ್ತೆ. ಉಳಿಯೋದು 11 ಸಾವಿರ. ಗಂಟೆಗೆ 196 ರೂಪಾಯಿ. ಇದನ್ನೆಲ್ಲ ನಾನು ಕ್ಯಾಲ್ಕುಲೇಟರಲ್ಲಿ ಒತ್ತುತ್ತಾ ಇದ್ದಾಗ ನನ್ನ ಹೆಂಡತಿ ಅವರ ಹೆಂಡತಿಯನ್ನ ಬೇರೆ ಪ್ರಶ್ನೆ ಕೇಳ್ತಿದ್ದಳು. "ರಾತ್ರಿ ಹೊತ್ತು ಏನಾದ್ರೂ ಆದ್ರೆ?"

ಆಗ ಗೊತ್ತಾಯ್ತು. ಹಿಂದಿನ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಉಸಿರಾಟ ಕಷ್ಟ ಆಗಿದೆ. ಊರಲ್ಲಿ ಡಾಕ್ಟರ್ ಇದ್ದಾರೆ, ಚಿಕ್ಕ ಪುಟ್ಟದ್ದಕ್ಕೆ ಸಾಕು. ದೊಡ್ಡದಕ್ಕೆ ಪಾಲ್ಘರ್ ಅಥವಾ ವಿರಾರ್. ಕೊನೇ ಗಾಡಿ ಹೋಗಿತ್ತು. ವಿರಾರ್ ನಕ್ಷೆಯಲ್ಲಿ ನೋಡಿದ್ರೆ ಖಾಡಿಯ ಆಚೆ ದಡ, ಕೈಗೆ ಸಿಗೋ ಹಾಗಿದೆ. ರಸ್ತೆಯಲ್ಲಿ ಹೋಗಬೇಕಂದ್ರೆ ಹೈವೇಗೆ ಹೋಗಿ ಸುತ್ತಿ ಬರಬೇಕು, ಹತ್ತಿರ ಹತ್ತಿರ 60 ಕಿ.ಮೀ. ಪಕ್ಕದ ಮನೆಯವರ ಇಕೋ ಗಾಡಿಯಲ್ಲಿ ಪಾಲ್ಘರಿಗೆ ಕರ್ಕೊಂಡು ಹೋದ್ರು. ಅಮ್ಮ ಉಳಿದ್ರು. ಅವರು ನಮ್ಮ ಎದುರಿಗೇ ಕೂತು ಅಡಿಕೆ ಕತ್ತರಿಸ್ತಾ "ಎಂತದೂ ಆಗಲಿಲ್ಲ, ಇವರೆಲ್ಲ ಸುಮ್ಮನೆ ಹೆದರಿದ್ದು" ಅಂದ್ರು. ಮಗ ಏನೂ ಹೇಳಲಿಲ್ಲ.

ಈಗ 2025ರ ಫೆಬ್ರವರಿಯಿಂದ ಸಫಾಳೆ ಹತ್ತಿರದ ಜಲಸಾರಿನಿಂದ ವಿರಾರಿಗೆ ರೋ-ರೋ ದೋಣಿ ಶುರುವಾಗಿದೆ. ಕಾರು, ಬೈಕು ಹತ್ತಿಸಿ ಕಾಲು ಗಂಟೆಯಲ್ಲಿ ಆಚೆ ದಡ. ಒಳ್ಳೇದೇ. ಆದ್ರೆ ನಡುರಾತ್ರಿಗೆ ದೋಣಿ ಲೆಕ್ಕಕ್ಕೆ ಬರಲ್ಲ.

ನ್ಯಾಯವಾಗಿ ಹೇಳಬೇಕಂದ್ರೆ ಗ್ರೇಟ್ ಮಿಸೆಂಡನ್ನಲ್ಲೂ ದೊಡ್ಡ ಆಸ್ಪತ್ರೆ ಇಲ್ಲ. ಏಲ್ಸ್‌ಬರಿಯ ಸ್ಟೋಕ್ ಮ್ಯಾಂಡೆವಿಲ್‌ಗೆ ಹೋಗಬೇಕು. ವ್ಯತ್ಯಾಸ ಏನಂದ್ರೆ ಅಲ್ಲಿ ಊರು ಹಳೇದು, ರಸ್ತೆ ಮೊದಲೇ ಇತ್ತು, ಜನ ಆಮೇಲೆ ಬಂದ್ರು, ಅದೂ ಅಳತೆ ಮಾಡಿ. ಸಫಾಳೆಗೆ ಮೊದಲು ಫ್ಲಾಟ್ ಬಂತು. ಮಿಕ್ಕಿದ್ದೆಲ್ಲ ಹಿಂದಿನಿಂದ ಓಡಿ ಬರ್ತಾ ಇದೆ. ನೀರಿನ ವಿಷಯ ಇನ್ನೂ ವಿಚಿತ್ರ. ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಅಣೆಕಟ್ಟಿನ ನೀರು ದೊಡ್ಡ ಪೈಪಲ್ಲಿ ವಸಯಿ–ವಿರಾರಿಗೆ ಹೋಗುತ್ತೆ. ನಮ್ಮವರ ಸೊಸೈಟಿಗೆ ಬೋರ್‌ವೆಲ್ಲೇ ಆಧಾರ.

ಅಲ್ಲಿ ಕೂತು ನನಗೆ ಹೊಳೆದ ಇನ್ನೊಂದು ವಿಷಯ, ನಾವಿರೋ ಮಲಾಡೂ ಒಂದು ಕಾಲದ ಸಫಾಳೆಯೇ. 1934ರಲ್ಲಿ ಹಿಮಾಂಶು ರಾಯ್, ದೇವಿಕಾ ರಾಣಿ ಬಾಂಬೆ ಟಾಕೀಸ್ ಸ್ಟುಡಿಯೋ ಕಟ್ಟಿದ್ದು ಮಲಾಡಲ್ಲಿ. ಆಗ ಅದು ಊರ ಹೊರಗೆ, ಗದ್ದೆ, ತೋಟ. ಮುಂಬೈ ನಗರದ ಗಡಿ ದಹಿಸರ್ ತನಕ ಹಿಗ್ಗಿ ಮಲಾಡನ್ನ ಒಳಗೆ ಹಾಕಿಕೊಂಡದ್ದು 1957ರಲ್ಲಿ. ನಮ್ಮ ಕನ್ನಡದವರ ಕಥೆಯೂ ಇದೇ ಹಳಿ ಮೇಲೆ ಓಡಿದೆ. ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮಾಟುಂಗಾ ಸುತ್ತಮುತ್ತ ನೆಲೆ ಹುಡುಕಿದ ಹಿರಿಯರು. ಅವರ ಮಕ್ಕಳು ಮಲಾಡ್, ಬೋರಿವಲಿ, ಆ ಕಡೆ ಡೊಂಬಿವಲಿ. ಮೊಮ್ಮಕ್ಕಳು ಮೀರಾ ರೋಡ್, ವಸಯಿ. ಪ್ರತಿ ತಲೆಮಾರೂ ನಾಲ್ಕೈದು ಸ್ಟೇಷನ್ ಉತ್ತರಕ್ಕೆ. ನಾವು ಐಟಿಯವರು ಮಧ್ಯದಲ್ಲಿ ಬಂದು ಹತ್ತಿದವರು, ಹಾಗಾಗಿ ಈ ಸರಣಿ ನಮಗೆ ಕಾಣಲ್ಲ. ಮಲಾಡಲ್ಲಿ ಆಫೀಸು ಇದೆ, ಅದಕ್ಕೇ ಮಲಾಡ್ ನಗರ ಅಂದ್ಕೊಂಡಿದ್ದೀವಿ. ಲಿಂಕ್ ರೋಡ್ ಮೇಲೆ ಮೆಟ್ರೋ 2ಎ ಓಡೋಕೆ ಶುರುವಾದದ್ದೇ 2022ರಲ್ಲಿ.

ಸಫಾಳೆ ಮುಂದೆ ಏನಾಗುತ್ತೆ? ಉತ್ತರದ ಡಹಾಣು ತಾಲೂಕನ್ನ 1991ರಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಅಂತ ಕೇಂದ್ರ ಸರ್ಕಾರ ಘೋಷಿಸಿತ್ತು. ಕಾರ್ಖಾನೆಗಳಿಗೆ ಕಡಿವಾಣ ಬಿತ್ತು, ಸಪೋಟ ತೋಟಗಳು ಉಳಿದವು. ನಮ್ಮ ಕಡೆ ಹಸಿರು ಪಟ್ಟಿಗೆ ಹತ್ತಿರದ್ದು ಅಂದ್ರೆ ಅದೊಂದೇ. ಸಫಾಳೆಗೆ ಅಂಥ ಬೇಲಿ ಇಲ್ಲ. ಡಹಾಣು ಹತ್ತಿರವೇ ವಾಢವಣ್ ಬಂದರಿಗೆ 2024ರ ಆಗಸ್ಟಲ್ಲಿ ಶಿಲಾನ್ಯಾಸ ಆಯ್ತು, ಮೀನುಗಾರರ ವಿರೋಧದ ನಡುವೆ. ಬುಲೆಟ್ ಟ್ರೇನ್ ವಿರಾರಲ್ಲೂ ಬೋಯಿಸರಲ್ಲೂ ನಿಲ್ಲುತ್ತೆ. ಹೊಸ ಹಳಿ ಬಂದ್ರೆ ಲೋಕಲ್ ಜಾಸ್ತಿ ಆಗುತ್ತೆ. ಹತ್ತು ವರ್ಷದಲ್ಲಿ ಆ ನಾಟಿ ಗದ್ದೆಯಲ್ಲಿ ಬಿಲ್ಡಿಂಗು ಏಳುತ್ತೆ ಅಂತ ನನ್ನ ಅಂದಾಜು. ಬಸಳೆ ಚಪ್ಪರ ನೋಡಿ ಮನೆ ತಗೊಳ್ಳೋರು ಇದನ್ನೂ ನೋಡಬೇಕು. ಹಳ್ಳಿ ಅಂತ ಹೋದವರೇ ಹಳ್ಳಿ ಮುಗಿಸೋರು, ನಾನೂ ಹೋದ್ರೆ ಅವರಲ್ಲೊಬ್ಬ.

ಸಂಜೆ ಅವರು ಸ್ಟೇಷನ್ ತನಕ ಬಂದ್ರು. ಅಲ್ಲಿ ನಾನು ಕೇಳಿದೆ, ಐದು ವರ್ಷದಲ್ಲಿ ಕಷ್ಟ ಅನ್ನಿಸಿದ್ದು ಯಾವುದು ಅಂತ. ಗಾಡಿಯ ರಶ್ಶು ಅಂತ ಹೇಳ್ತಾರೆ ಅಂದ್ಕೊಂಡಿದ್ದೆ. "ಅದೆಲ್ಲ ರೂಢಿ ಆಗ್ತದೆ. ನಮ್ಮ ಡಬ್ಬಿಯಲ್ಲಿ ಒಂದು ಗುಂಪು ಉಂಟು, ಒಬ್ಬರು ಭಜನೆ ಹೇಳ್ತಾರೆ, ಒಬ್ಬರು ಎಲೆ-ಅಡಿಕೆ ತರ್ತಾರೆ, ಕೂರಲಿಕ್ಕೆ ಸರದಿ ಉಂಟು. ಮಗಳು ಏಳುವ ಮೊದಲು ನಾನು ಹೊರಡುದು, ಮಲಗುವ ಹೊತ್ತಿಗೆ ಬರುದು. ಆಫೀಸ್ ದಿನ ಅವಳ ಜೊತೆ ಅರ್ಧ ಗಂಟೆ. ಮನೆಯಿಂದ ಕೆಲಸ ಇರುವ ಎರಡು ದಿನ ಉಂಟಲ್ಲ, ಅದರಲ್ಲಿ ಬದುಕು ನಡೀತದೆ ಮಾರಾಯ್ರೆ."

ಆಗಸ್ಟಲ್ಲಿ ಮೇಲ್ ಬಂತು. ಮುಂದಿನ ತಿಂಗಳಿನಿಂದ ಎಲ್ಲರೂ ವಾರಕ್ಕೆ ಐದು ದಿನ ಆಫೀಸಿಗೆ.

ನಾನು ಮೊದಲು ಮಾಡಿದ್ದು ಆ ಲೆಕ್ಕವನ್ನ ಮತ್ತೆ ತೆಗೆದದ್ದು. 22 ದಿನ, 95 ಗಂಟೆ. ಅಂದ್ರೆ ತಿಂಗಳಲ್ಲಿ ನಾಲ್ಕು ದಿನ ರೈಲಲ್ಲೇ, ರಾತ್ರಿ ಹಗಲು. ಅವರಿಗೆ ಗಂಟೆಗೆ 375 ಇದ್ದದ್ದು 221 ಆಯ್ತು. ನಾನು ಹೊಸದಾಗಿ ತಗೊಂಡ್ರೆ 116. ಮೇಲ್ ಬರೆದವರು ಮಲಾಡಿನಿಂದ ಯಾರೆಷ್ಟು ದೂರ ಇದ್ದಾರೆ ಅಂತ ಯೋಚನೆ ಮಾಡಿರಲ್ಲ, ಮಾಡಬೇಕು ಅಂತ ನಿಯಮವೂ ಇಲ್ಲ. ಆದ್ರೆ ಐದಾರು ವರ್ಷದ ಹಿಂದೆ "ಎಲ್ಲಿಂದ ಬೇಕಾದ್ರೂ ಕೆಲಸ ಮಾಡಿ" ಅಂತ ಕೇಳಿಸಿಕೊಂಡು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದವರು ನಮ್ಮಲ್ಲಿ ಎಷ್ಟು ಜನ! ಸಫಾಳೆ ಒಂದೇ ಅಲ್ಲ, ಬೆಂಗಳೂರಿನಲ್ಲಿ ಕೆಲಸ, ತುಮಕೂರು, ರಾಮನಗರ, ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದವರೂ ಇದನ್ನ ಓದ್ತಾ ಇರ್ತೀರಿ. ನಿಮಗೆ ನಾನು ಹೇಳೋದು ಇಷ್ಟೇ. ಮನೆ ನೋಡೋಕೆ ಭಾನುವಾರ ಹೋಗಬೇಡಿ, ನಾವು ಮಾಡಿದ ತಪ್ಪು ಅದೇ. ಮಂಗಳವಾರ ಬೆಳಿಗ್ಗೆ ಅಲ್ಲಿಂದ ಹೊರಟು ಆಫೀಸಿಗೆ ಬಂದು ನೋಡಿ, ಸಾಧ್ಯ ಆದ್ರೆ ಮಳೆಗಾಲದ ಮಂಗಳವಾರ. ಲೆಕ್ಕ ಹಾಕುವಾಗ ಐದು ದಿನಕ್ಕೇ ಹಾಕಿ, ಮೂರು ದಿನ ಸಿಕ್ಕಿದ್ರೆ ಅದು ಬೋನಸ್. ಕೊನೇ ಗಾಡಿ ಎಷ್ಟೊತ್ತಿಗೆ, ಅದು ತಪ್ಪಿದ್ರೆ ಆಸ್ಪತ್ರೆಗೆ ದಾರಿ ಯಾವುದು ಅಂತ ಬ್ರೋಕರನ್ನ ಕೇಳಬೇಡಿ, ಅಲ್ಲಿ ತರಕಾರಿ ಮಾರೋ ಹೆಂಗಸನ್ನ ಕೇಳಿ.

ನಾವು ಮಲಾಡಿನ ಕರಾರನ್ನ ಇನ್ನೊಂದು ಹನ್ನೊಂದು ತಿಂಗಳಿಗೆ ಮುಂದುವರಿಸಿದ್ವಿ, 42ಕ್ಕೇ. ಮಾಲೀಕರು ಅದರಲ್ಲಿ ಐನೂರು ಬಿಟ್ಟರು, ಗೋಡೆಗೆ ಬಣ್ಣ ನೀವೇ ಹೊಡೆಸಿಕೊಳ್ಳಿ ಅಂದ್ರು.

ನಮ್ಮವರು ಕೆಲಸ ಬಿಡಲಿಲ್ಲ, ಮನೆಯನ್ನೂ ಮಾರಲಿಲ್ಲ. ಮಂಗಳವಾರ, ಗುರುವಾರ ರಾತ್ರಿ ನಮ್ಮ ಹಾಲಲ್ಲಿ ಚಾಪೆ ಹಾಕ್ಕೊಂಡು ಮಲಗ್ತಾರೆ. ಅವೆರಡು ರಾತ್ರಿ ಎಂಟೂವರೆಗೆ ಬಾಲ್ಕನಿಗೆ ಹೋಗಿ ಮಗಳಿಗೆ ವಿಡಿಯೋ ಕಾಲ್ ಮಾಡಿ ಒಂದು ಕಥೆ ಹೇಳ್ತಾರೆ, ನಮ್ಮ ಮಗನೂ ಪಕ್ಕದಲ್ಲಿ ಕೂತು ಕೇಳ್ತಾನೆ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಕಟ್ಟು ಬಸಳೆ ಬರುತ್ತೆ, ಒದ್ದೆ ಪೇಪರಲ್ಲಿ ಸುತ್ತಿ. ವಿರಾರ್ ಲೋಕಲಲ್ಲಿ ಅದನ್ನ ಬಾಡದ ಹಾಗೆ, ಯಾರೂ ತುಳಿಯದ ಹಾಗೆ ತರೋದು ಹೇಗೆ ಅಂತ ಕೇಳಿದೆ. ತಲೆ ಮೇಲೆ ಲಗೇಜ್ ರಾಕಲ್ಲಿ ಇಡ್ತಾರಂತೆ, ಲ್ಯಾಪ್‌ಟಾಪ್ ಬ್ಯಾಗು ಕಾಲ ಹತ್ತಿರ.